ಬಂಪ್ ಸ್ಟಾಪ್: ಆಫ್‌ರೋಡ್ ಗಾಡಿಗೆ ಆರಿಸುವ ಬಗೆ

ಚಕ್ರ ಮೇಲೆದ್ದು ಸಸ್ಪೆನ್ಷನ್ ಪೂರ್ತಿ ಮಡಚಿಕೊಳ್ಳುವ ಮೊದಲು ಅದನ್ನು ತಡೆದು ನಿಲ್ಲಿಸುವ ಬಿಡಿಭಾಗವೇ ಬಂಪ್ ಸ್ಟಾಪ್. ಗ್ಯಾರೇಜುಗಳಲ್ಲಿ ಬಂಪ್ ರಬ್ಬರ್, ಸ್ಟಾಪರ್ ರಬ್ಬರ್ ಎಂದೂ ಕರೆಯುತ್ತಾರೆ. ಗಟ್ಟಿ ಆಕ್ಸಲ್ ಇರುವ ಜೀಪು, ಪಿಕಪ್‌ಗಳಲ್ಲಿ ಇದು ಛಾಸಿಯ ಅಡಿಯಲ್ಲಿ ಆಕ್ಸಲ್‌ಗೆ ಎದುರಾಗಿ ಕೂತಿರುತ್ತದೆ. ಸ್ವತಂತ್ರ ಸಸ್ಪೆನ್ಷನ್ನಿನಲ್ಲಿ ಕೆಳಗಿನ ಆರ್ಮ್‌ಗೆ ಬಡಿಯುವಂತೆ ಇಲ್ಲವೇ ಶಾಕ್ ಅಬ್ಸಾರ್ಬರಿನ ಕೋಲಿಗೇ ಪೋಣಿಸಿದಂತೆ ಇರುತ್ತದೆ. ಜೀಪ್ ರ‍್ಯಾಂಗ್ಲರಿನಂಥ ಗಾಡಿಗಳಲ್ಲಿ ಕಾಯಿಲ್ ಸ್ಪ್ರಿಂಗಿನ ಒಳಗಡೆಯೇ ಇದಕ್ಕೆ ಜಾಗ.

ಈ ತಡೆ ಇಲ್ಲದಿದ್ದರೆ ಪೆಟ್ಟು ಬೇರೆ ಕಡೆ ಬೀಳುತ್ತದೆ. ಶಾಕ್ ಅಬ್ಸಾರ್ಬರಿನ ಪಿಸ್ಟನ್ ಒಳಗಡೆ ತಳಕ್ಕೆ ಬಡಿದು ವಾಲ್ವು ಒಡೆಯಬಹುದು, ಮೇಲಿನ ಮೌಂಟ್ ಕಿತ್ತು ಬರಬಹುದು. ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಕಾಯಿಲ್ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗಿ ಕಬ್ಬಿಣದ ಮೋಟಾಗುತ್ತವೆ. ಲೀಫ್ ಸ್ಪ್ರಿಂಗ್ ನೇರವಾಗಿ, ಅದನ್ನೂ ದಾಟಿ ಎದುರು ದಿಕ್ಕಿಗೆ ಬಾಗಿ, ಮೈನ್ ಲೀಫ್ ತುಂಡಾಗುತ್ತದೆ. ಮುಂದಿನ ಆಕ್ಸಲ್ ಎಂಜಿನ್ನಿನ ಆಯಿಲ್ ಪ್ಯಾನನ್ನು ಗುದ್ದುವ ಗಾಡಿಗಳೂ ಇವೆ. ಇವುಗಳಲ್ಲಿ ಯಾವುದು ಮೊದಲು ಸಂಭವಿಸುತ್ತದೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಟೈರು ಬದಲಿಸಿದರೆ, ಶಾಕ್ ಬದಲಿಸಿದರೆ ಅದೇ ಗಾಡಿಯಲ್ಲೂ ಬೇರೆಯಾಗುತ್ತದೆ. ಆದ್ದರಿಂದ ಟೈರು, ಸ್ಪ್ರಿಂಗ್, ಶಾಕ್ ಈ ಮೂರೂ ತೀರ್ಮಾನವಾದ ಮೇಲಷ್ಟೇ ಬಂಪ್ ಸ್ಟಾಪ್ ಆರಿಸಲು ಸಾಧ್ಯ. ಕ್ಯಾಟಲಾಗು ನೋಡಿ ಮೊದಲು ಸ್ಟಾಪ್ ಕೊಂಡು ಆಮೇಲೆ ಉಳಿದದ್ದನ್ನು ಹೊಂದಿಸುವ ರೂಢಿ ಇದೆ. ಅದರಲ್ಲಿ ಹಣವೂ ಹೋಗುತ್ತದೆ, ಗಾಡಿಯೂ ಕೆಡುತ್ತದೆ.

ಎರಡು ಬಗೆಯ ಓಡಾಟ

ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಛಾಸಿಯ ಅಡಿಗೆ ರಬ್ಬರಿನ ಪುಟ್ಟ ಗಟ್ಟಿಗಳು. 1940ರ ದಶಕದ ಕೊನೆಯಿಂದ ಮಹೀಂದ್ರಾ ಭಾರತದಲ್ಲಿ ಜೋಡಿಸಿದ ಜೀಪುಗಳಿಗೂ, 1985ರಲ್ಲಿ ಬಂದ ಮಾರುತಿ ಜಿಪ್ಸಿಗೂ ಇದೇ ಮಾದರಿಯ ಸರಳ ವ್ಯವಸ್ಥೆ. ಕೊಡಚಾದ್ರಿಗೋ ಮಾಂದಲಪಟ್ಟಿಗೋ ಪ್ರವಾಸಿಗರನ್ನು ಹೊತ್ತು ಏರುವ ಜೀಪುಗಳ ಓಡಾಟ ನಿಧಾನದ್ದು. ಹೊರೆ ಹೆಚ್ಚು, ವೇಗ ಕಡಿಮೆ. ಒಂದು ಚಕ್ರ ಬಂಡೆಯ ಮೇಲೆ, ಇನ್ನೊಂದು ಗುಂಡಿಯಲ್ಲಿ. ಇಲ್ಲಿ ಬಂಪ್ ಸ್ಟಾಪ್ ಮೇಲೆ ಭಾರ ನಿಧಾನವಾಗಿ ಕೂರುತ್ತದೆ, ಎಷ್ಟೋ ಹೊತ್ತು ಹಾಗೇ ಕೂತಿರುತ್ತದೆ.

ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಮರುಭೂಮಿಯಲ್ಲಿ 1967ರಲ್ಲಿ ಮೆಕ್ಸಿಕನ್ 1000 ರೇಸ್ ಶುರುವಾದಾಗಿನಿಂದ ಬೆಳೆದದ್ದು ಎರಡನೆಯ ಬಗೆ. ಈ ರೇಸಿನ ದೊಡ್ಡ ಟ್ರೋಫಿ ಟ್ರಕ್ಕುಗಳ ಹಿಂದಿನ ಚಕ್ರ 30 ಇಂಚಿನ ಆಸುಪಾಸು ಮೇಲೆ ಕೆಳಗೆ ಆಡುತ್ತದೆ. ಸಾಲು ದಿಬ್ಬಗಳ ಮೇಲೆ ನೂರು ಕಿಲೋಮೀಟರ್ ಮೀರಿದ ವೇಗದಲ್ಲಿ ಹಾರಿ ಬೀಳುವ ಗಾಡಿಗೆ ಪೆಟ್ಟು ಸೆಕೆಂಡಿನ ಸಣ್ಣ ಪಾಲಿನಲ್ಲಿ ಬಂದು ಮುಗಿಯುತ್ತದೆ. ಹೈಡ್ರಾಲಿಕ್ ಬಂಪ್ ಸ್ಟಾಪ್ ಪಳಗಿದ್ದು ಇಂಥ ರೇಸುಗಳಲ್ಲಿ. ತನ್ನ ಗಾಡಿ ಈ ಎರಡರಲ್ಲಿ ಯಾವುದರ ಹತ್ತಿರ ಇದೆ ಎಂಬುದನ್ನು ಮಾಲೀಕ ಪ್ರಾಮಾಣಿಕವಾಗಿ ಕೇಳಿಕೊಂಡರೆ ಅರ್ಧ ಆಯ್ಕೆ ಮುಗಿದಂತೆ. ಪಶ್ಚಿಮ ಘಟ್ಟದ ಹಾದಿಗಳಲ್ಲಿ ಓಡುವ ಬಹುಪಾಲು ಗಾಡಿಗಳು ಮೊದಲ ಗುಂಪಿಗೇ ಸೇರುತ್ತವೆ.

ಪೆಟ್ಟಿನ ಲೆಕ್ಕ

ಸುಮಾರು 2000 ಕಿಲೋ ತೂಗುವ ಗಾಡಿಯ ಒಂದು ಮೂಲೆಯ ಮೇಲೆ, ಸ್ಪ್ರಿಂಗು ಹೊರುವ ಭಾರ 450 ಕಿಲೋ ಎಂದಿಟ್ಟುಕೊಳ್ಳೋಣ. ಅದು 30 ಸೆಂಟಿಮೀಟರ್ ಎತ್ತರದಿಂದ ಬಿದ್ದರೆ ನೆಲಕ್ಕೆ ಬರುವಾಗ ಅದರಲ್ಲಿರುವ ಶಕ್ತಿ ಸುಮಾರು 1300 ಜೂಲ್, ವೇಗ ಸೆಕೆಂಡಿಗೆ 2.4 ಮೀಟರ್. ಆ ಶಕ್ತಿಯನ್ನೆಲ್ಲ ಬಂಪ್ ಸ್ಟಾಪೇ ನುಂಗಬೇಕು, ಅದಕ್ಕೆ 25 ಮಿಲಿಮೀಟರ್ ಮಾತ್ರ ಜಾಗವಿದೆ ಎಂದಾದರೆ ಛಾಸಿಯ ಮೇಲೆ ಬೀಳುವ ಸರಾಸರಿ ಬಲ ಐದು ಟನ್ನಿಗೂ ಮಿಗಿಲು. ಜಾಗ 75 ಮಿಲಿಮೀಟರ್ ಇದ್ದರೆ ಅದೇ ಪೆಟ್ಟು 1.8 ಟನ್ನಿಗೆ ಇಳಿಯುತ್ತದೆ. ವಾಸ್ತವದಲ್ಲಿ ಸ್ಪ್ರಿಂಗು ಮತ್ತು ಶಾಕ್ ಇದರ ದೊಡ್ಡ ಪಾಲನ್ನು ಮೊದಲೇ ಹೀರಿರುತ್ತವೆ, ಆದ್ದರಿಂದ ಅಂಕಿಗಳು ಇಷ್ಟು ದೊಡ್ಡವಿರುವುದಿಲ್ಲ. ಒಂದಕ್ಕೆ ಮೂರರ ಅನುಪಾತ ಮಾತ್ರ ಬದಲಾಗದು. ಬರುವ ಚೆಂಡನ್ನು ಹಿಡಿಯುವ ಕ್ರಿಕೆಟ್ ಆಟಗಾರ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದೂ ಇದೇ ಲೆಕ್ಕದ ಮೇಲೆ.

ಹೀಗಾಗಿ ಬಂಪ್ ಸ್ಟಾಪನ್ನು ಗೋಡೆ ಎಂದು ಎಣಿಸದೆ ಸಸ್ಪೆನ್ಷನ್ನಿನ ಕೊನೆಯ ಸ್ಪ್ರಿಂಗ್ ಎಂದು ಎಣಿಸಬೇಕು. ಎಷ್ಟು ಗಟ್ಟಿ ಎನ್ನುವುದಕ್ಕಿಂತ ಎಷ್ಟು ದೂರ ಅದುಮಿಕೊಳ್ಳುತ್ತದೆ, ಅದುಮಿದಂತೆ ಬಿಗಿ ಹೇಗೆ ಏರುತ್ತದೆ ಎಂಬ ಎರಡು ಪ್ರಶ್ನೆಗಳೇ ಮುಖ್ಯ. ಆರಂಭದಲ್ಲಿ ಮೆತ್ತಗೆ, ಕೊನೆಯಲ್ಲಿ ಬಿಗಿ ಇರುವ ಉದ್ದನೆಯ ಸ್ಟಾಪು ಮೊದಲ ಸ್ಪರ್ಶವನ್ನು ಚಾಲಕನಿಗೆ ಗೊತ್ತೇ ಆಗದಂತೆ ಮಾಡುತ್ತದೆ. ಮೋಟು, ಗಟ್ಟಿ ಸ್ಟಾಪು ಧಡ್ ಎಂದು ಬೆನ್ನುಹುರಿಗೇ ತಿಳಿಸುತ್ತದೆ.

ವಸ್ತುಗಳು

ಹಳೆಯ ಗಾಡಿಗಳಿಗೆ ಕಾರ್ಖಾನೆಯಲ್ಲೇ ಹಾಕಿರುವುದು ಸಾಮಾನ್ಯವಾಗಿ ಗಟ್ಟಿ ರಬ್ಬರ್. ರಬ್ಬರಿನ ಗಾತ್ರ ಕುಗ್ಗುವುದಿಲ್ಲ. ಮೇಲಿನಿಂದ ಅದುಮಿದರೆ ಪಕ್ಕಕ್ಕೆ ಉಬ್ಬುತ್ತದೆ. ಉಬ್ಬಲು ಜಾಗವಿಲ್ಲದ ಬಟ್ಟಲಿನಲ್ಲಿ ಕೂರಿಸಿದರೆ ಅದು ಕಲ್ಲಿನಂತೆಯೇ ವರ್ತಿಸುತ್ತದೆ. ತುದಿ ಚೂಪಾದ ಕೋನಾಕಾರ, ಒಳಗೆ ಟೊಳ್ಳು ಇರುವ ಆಕಾರ ಇವೆಲ್ಲ ರಬ್ಬರಿಗೆ ಮೆತ್ತನೆಯ ಆರಂಭ ಕೊಡುವ ಉಪಾಯಗಳು. ಕೆನಡಾದ ಟಿಂಬ್ರೆನ್ ಮಾರುವ ಟೊಳ್ಳು ರಬ್ಬರ್ ಸ್ಪ್ರಿಂಗ್‌ಗಳು ಈ ಜಾತಿಯವು. ಇವು ಹೊರೆ ಹೊರುವ ಪಿಕಪ್‌ಗಳಿಗೆ ನೆರವಿನ ಸ್ಪ್ರಿಂಗಾಗಿಯೂ ಕೆಲಸ ಮಾಡುತ್ತವೆ. ಖರ್ಚು ಕಡಿಮೆ, ನಿರ್ವಹಣೆ ಇಲ್ಲ. ನೈಸರ್ಗಿಕ ರಬ್ಬರಿಗೆ ಎಣ್ಣೆ ಆಗದು. ಡಿಫರೆನ್ಷಿಯಲ್ಲಿನ ಸೀಲು ಸೋರಿ ಎಣ್ಣೆ ತಾಗುತ್ತಿದ್ದರೆ ಉಬ್ಬಿ, ಪದರು ಪದರಾಗಿ ಏಳುತ್ತದೆ.

ಅಂಗಡಿಗಳಲ್ಲಿ ಕೆಂಪು, ಹಳದಿ, ಕಪ್ಪು ಬಣ್ಣದಲ್ಲಿ ಹೊಳೆಯುವ ಗಟ್ಟಿ ಪಾಲಿಯುರೇಥೇನ್ ಸ್ಟಾಪುಗಳು ಸಿಗುತ್ತವೆ. ಬಾಳಿಕೆ ಬರುತ್ತವೆ ಎಂಬ ಒಂದೇ ಕಾರಣಕ್ಕೆ ಜನ ಕೊಳ್ಳುತ್ತಾರೆ. ಶೋರ್ ಎ ಅಳತೆಯಲ್ಲಿ 80ರಿಂದ 95ರವರೆಗೆ ಗಡಸುತನ ಇರುವ ಈ ವಸ್ತು ತನ್ನ ಎತ್ತರದ ಸಣ್ಣ ಪಾಲಿನಷ್ಟು ಮಾತ್ರ ಅದುಮಿಕೊಳ್ಳುತ್ತದೆ, ಅಂದರೆ ಮೇಲಿನ ಲೆಕ್ಕದಲ್ಲಿ 25 ಮಿಲಿಮೀಟರಿನ ಸಾಲಿಗೆ ಸೇರುತ್ತದೆ. ಸ್ಟಾಪು ಒಡೆಯುವುದಿಲ್ಲ ನಿಜ, ಅದರ ಬದಲು ಛಾಸಿಯ ಬ್ರಾಕೆಟ್ ಬಿರುಕು ಬಿಡುತ್ತದೆ. ವೇಗವಾಗಿ ಓಡುವ ಗಾಡಿಗೆ ಇದನ್ನು ಹಾಕಬಾರದು ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಆಮೆವೇಗದಲ್ಲಿ ಬಂಡೆ ಹತ್ತುವ, ಚಕ್ರದ ಓಟಕ್ಕೆ ನಿಖರವಾದ ಗಡಿ ಬೇಕಿರುವ ಗಾಡಿಗೆ ಮಾತ್ರ ಇದು ಸಲ್ಲುತ್ತದೆ.

ಮೂರನೆಯದು ಸೂಕ್ಷ್ಮ ಗಾಳಿಗುಳ್ಳೆಗಳಿಂದ ತುಂಬಿದ ಪಾಲಿಯುರೇಥೇನ್ ಫೋಮ್. ಬಿಎಎಸ್ಎಫ್ ಕಂಪನಿಯ ಸೆಲ್ಲಾಸ್ಟೊ ಇದರಲ್ಲಿ ಹೆಸರಾದದ್ದು. ಇಂದಿನ ಬಹಳಷ್ಟು ಕಾರುಗಳ ಶಾಕ್ ಕೋಲಿನ ಮೇಲೆ ಕಾಣುವ, ಮಡಿಕೆ ಮಡಿಕೆಯಾದ ತಿಳಿ ಬಣ್ಣದ ಕೊಳವೆ ಈ ವಸ್ತುವಿನದ್ದು. ಅದುಮಿದಾಗ ಗುಳ್ಳೆಗಳೊಳಗಿನ ಗಾಳಿ ಕುಗ್ಗುವುದರಿಂದ ಪಕ್ಕಕ್ಕೆ ಹೆಚ್ಚು ಉಬ್ಬದೆ ತನ್ನ ಎತ್ತರದ ಮುಕ್ಕಾಲು ಪಾಲಿನವರೆಗೂ ಮಡಚಿಕೊಳ್ಳಬಲ್ಲದು. ಮೊದಲ ಅರ್ಧದಲ್ಲಿ ಬಹಳ ಮೃದು, ಕೊನೆಯಲ್ಲಿ ಥಟ್ಟನೆ ಏರುವ ಬಿಗಿ. ದಿನವೂ ರಸ್ತೆಯಲ್ಲಿ ಓಡಿ, ವಾರಾಂತ್ಯಕ್ಕೆ ಕಾಡುದಾರಿ ಹಿಡಿಯುವ ಗಾಡಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಕಾಣೆ. ಕೊಳ್ಳುವಾಗ ಒಂದು ಮಾತು ಕೇಳಬೇಕು: ಪಾಲಿಯೆಸ್ಟರ್ ಮೂಲದ್ದೋ, ಪಾಲಿಈಥರ್ ಮೂಲದ್ದೋ? ಪಾಲಿಯೆಸ್ಟರ್ ಮೂಲದ ಪಾಲಿಯುರೇಥೇನ್ ಬಿಸಿ ಮತ್ತು ತೇವದಲ್ಲಿ ವರ್ಷಗಳ ಮೇಲೆ ಅಣುಮಟ್ಟದಲ್ಲೇ ಸಡಿಲಗೊಂಡು ಪುಡಿಯಾಗುತ್ತದೆ. ಮಲೆನಾಡಿನ ಮಳೆಗಾಲ, ಕರಾವಳಿಯ ಸೆಕೆ ಎರಡನ್ನೂ ಕಾಣುವ ಗಾಡಿಗೆ ಪಾಲಿಈಥರ್ ಮೂಲದ್ದು ಹೆಚ್ಚು ಸೂಕ್ತ.

ಇವೆಲ್ಲಕ್ಕೂ ಒಂದು ಸಮಾನ ಕೊರತೆಯಿದೆ. ಅದುಮಿದಾಗ ನುಂಗಿದ ಶಕ್ತಿಯ ದೊಡ್ಡ ಪಾಲನ್ನು ಮರಳಿ ಉಗುಳುತ್ತವೆ. ಸಾಲು ದಿಬ್ಬಗಳ ಮೇಲೆ ವೇಗವಾಗಿ ಹೋಗುವಾಗ ಗಾಡಿಯ ಹಿಂಭಾಗ ಕುದುರೆ ಒದ್ದಂತೆ ಮೇಲೆ ಚಿಮ್ಮುವುದಕ್ಕೆ ಇದು ಕಾರಣ. ಹೈಡ್ರಾಲಿಕ್ ಸ್ಟಾಪ್ ಈ ಕೊರತೆಯನ್ನು ನೀಗಿಸುತ್ತದೆ. ದಪ್ಪ ಕೋಲು, ಒಳಗೆ ಎಣ್ಣೆ, ಎಣ್ಣೆಯ ಮೇಲೆ ಒತ್ತಡದಲ್ಲಿ ನೈಟ್ರೋಜನ್. ಕೋಲು ಒಳಗೆ ಹೋದಾಗ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಗ್ಗಿ ಶಕ್ತಿ ಶಾಖವಾಗಿ ಹೋಗುತ್ತದೆ. ಫಾಕ್ಸ್, ಕಿಂಗ್ ಮೊದಲಾದ ಕಂಪನಿಗಳು 2 ಇಂಚು, 2.5 ಇಂಚು ವ್ಯಾಸದಲ್ಲಿ, 2ರಿಂದ 4 ಇಂಚು ಓಟದಲ್ಲಿ ಇವನ್ನು ಮಾರುತ್ತವೆ. ಅನಿಲದ ಒತ್ತಡ, ಎಣ್ಣೆಯ ಪ್ರಮಾಣ, ವಾಲ್ವಿನ ತೆಳು ತಗಡುಗಳು ಮೂರನ್ನೂ ಬದಲಿಸಿ ಹದ ಮಾಡಬಹುದು. 32 ಮಿಲಿಮೀಟರ್ ದಪ್ಪದ ಕೋಲಿನಲ್ಲಿ 10 ಬಾರ್ ಒತ್ತಡವಿದ್ದರೆ ಅದು ಅಲುಗಾಡಲು ಶುರುವಾಗುವುದಕ್ಕೇ ಸುಮಾರು 80 ಕಿಲೋ ಬಲ ಬೇಕು. ಒತ್ತಡ ಏರಿಸಿದರೆ ಸ್ಪರ್ಶದ ಕ್ಷಣವೇ ಒರಟಾಗುತ್ತದೆ. ಬದಲಿಗೆ ಎಣ್ಣೆ ಹೆಚ್ಚಿಸಿದರೆ ಆರಂಭ ಮೃದುವಾಗಿಯೇ ಉಳಿದು ಕೊನೆ ಬಿಗಿಯಾಗುತ್ತದೆ. ಹದ ಮಾಡುವವರು ಎಣ್ಣೆಯಿಂದ ಶುರು ಮಾಡುವುದು ಒಳ್ಳೆಯದು.

ಇದರ ತೊಂದರೆಗಳೂ ಸಣ್ಣವಲ್ಲ. ಬೆಲೆ ಹೆಚ್ಚು, ಸೀಲು ಸವೆಯುತ್ತದೆ, ನೈಟ್ರೋಜನ್ ತುಂಬಿಸುವ ಅನುಕೂಲ ಹತ್ತಿರದಲ್ಲಿ ಇರಬೇಕು. ಕೋಲಿಗೆ ಪಕ್ಕದಿಂದ ಪೆಟ್ಟು ಬಿದ್ದರೆ ಬಾಗುತ್ತದೆ. ಹಾಗಾಗಿ ಎದುರಿನ ಪ್ಯಾಡು ಅದಕ್ಕೆ ಲಂಬವಾಗಿ ತಾಗಬೇಕು. ಆರ್ಮು ಕಮಾನಿನ ದಾರಿಯಲ್ಲಿ ಚಲಿಸುವುದರಿಂದ ಕೋಲಿನ ಓಟದ ನಡುವಿನಲ್ಲಿ ಪ್ಯಾಡು ಸಮನಾಗಿ ಕೂರುವಂತೆ ವೆಲ್ಡ್ ಮಾಡುವುದು ರೂಢಿ.

ಇದೇ ತತ್ವವನ್ನು ಶಾಕ್ ಅಬ್ಸಾರ್ಬರಿನ ಒಳಗೇ ಅಡಕ ಮಾಡುವ ಪ್ರಯತ್ನಗಳೂ ನಡೆದಿವೆ. ಸಿಟ್ರೊಯೆನ್ ತನ್ನ ಕಾರುಗಳಲ್ಲಿ ಎರಡೂ ತುದಿಗೆ ಹೈಡ್ರಾಲಿಕ್ ಮೆತ್ತೆ ಇಟ್ಟ ಶಾಕ್‌ಗಳನ್ನು ಬಳಸುತ್ತದೆ. 2021ರಲ್ಲಿ ಭಾರತಕ್ಕೆ ಬಂದ ಸಿ5 ಏರ್‌ಕ್ರಾಸ್‌ನಲ್ಲಿ ಅವು ಇದ್ದವು. ಷೆವರ್ಲೆ ಕೊಲರಾಡೊ ಪಿಕಪ್ಪಿನ ಝಡ್ಆರ್2 ಬೈಸನ್ ಮಾದರಿಗಾದರೋ ಮಲ್ಟಿಮ್ಯಾಟಿಕ್ ಕಂಪನಿ ಶಾಕ್‌ಗಿಂತ ಬೇರೆಯಾಗಿಯೇ ಹೈಡ್ರಾಲಿಕ್ ಬಂಪ್ ಸ್ಟಾಪುಗಳನ್ನು ಒದಗಿಸಿದೆ.

ಅಳತೆ

ಆಯ್ಕೆಯ ತಿರುಳು ಇಲ್ಲಿದೆ. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಛಾಸಿಗೆ ಸ್ಟ್ಯಾಂಡು ಕೊಟ್ಟು, ಕಾಯಿಲ್ ಸ್ಪ್ರಿಂಗುಗಳನ್ನು ತೆಗೆದು, ಜಾಕಿನಿಂದ ಆಕ್ಸಲನ್ನು ನಿಧಾನವಾಗಿ ಮೇಲೆತ್ತಬೇಕು. ಲೀಫ್ ಸ್ಪ್ರಿಂಗಾದರೆ ಕಟ್ಟು ಬಿಚ್ಚಿ ಮೈನ್ ಲೀಫ್ ಒಂದನ್ನೇ ಉಳಿಸಿಕೊಳ್ಳಬಹುದು. ಟೈರು ಹಾಕಿಯೇ ಇರಬೇಕು. ಮುಂದಿನ ಚಕ್ರವಾದರೆ ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ ನೋಡಬೇಕು. ಯಾವುದೋ ಒಂದು ಇನ್ನೊಂದಕ್ಕೆ ತಾಗುವ ಮೊದಲ ಜಾಗವೇ ಆ ಗಾಡಿಯ ನಿಜವಾದ ಗಡಿ.

ಒಂದು ಉದಾಹರಣೆ ಹಿಡಿದು ನೋಡೋಣ. ಶಾಕ್ ಪೂರ್ತಿ ಮಡಚಿದಾಗ ಅದರ ಎರಡು ತುದಿಯ ಬೋಲ್ಟ್ ಕಣ್ಣುಗಳ ನಡುವೆ 380 ಮಿಲಿಮೀಟರ್, ಗಾಡಿ ಸುಮ್ಮನೆ ನಿಂತಾಗ 510. ಆಕ್ಸಲ್ ಮೇಲೇರಲು 130 ಮಿಲಿಮೀಟರ್ ಇದೆ. ಶಾಕ್ ಯಾವತ್ತೂ ತಳ ಕಾಣದಂತೆ 15 ಮಿಲಿಮೀಟರ್ ಮೀಸಲಿಟ್ಟರೆ ಉಳಿದದ್ದು 115. ಕೈಯಲ್ಲಿರುವ ಫೋಮ್ ಸ್ಟಾಪಿನ ಎತ್ತರ 90, ಪೂರ್ತಿ ಅದುಮಿದಾಗ 35. ಅದರ ಓಟ 55. ಅಂದಮೇಲೆ ಆಕ್ಸಲ್ 60 ಮಿಲಿಮೀಟರ್ ಏರಿದಾಗ ಸ್ಟಾಪು ತಾಗಲು ಶುರುವಾಗಬೇಕು. ಗಾಡಿ ನಿಂತಾಗ ಸ್ಟಾಪಿನ ತುದಿಗೂ ಪ್ಯಾಡಿಗೂ ನಡುವೆ 60 ಮಿಲಿಮೀಟರ್ ಖಾಲಿ ಇರುವಂತೆ ಬ್ರಾಕೆಟ್ ಅಥವಾ ಸ್ಪೇಸರ್ ಹೊಂದಿಸಿದರೆ ಆಯಿತು. ಶಾಕ್ ನೆಟ್ಟಗಿರದೆ 30 ಡಿಗ್ರಿ ವಾಲಿದ್ದರೆ ಆಕ್ಸಲ್ 100 ಏರಿದಾಗ ಅದು 87 ಮಾತ್ರ ಮಡಚುತ್ತದೆ, ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗಟ್ಟಿ ಆಕ್ಸಲಿನಲ್ಲಿ ಇನ್ನೊಂದು ಪರೀಕ್ಷೆ ಬಾಕಿ ಇದೆ. ಸ್ಟಾಪುಗಳು ಛಾಸಿಯ ನೇರದಲ್ಲಿ, ಚಕ್ರಗಳಿಗಿಂತ ಬಹಳ ಒಳಗೆ ಇರುತ್ತವೆ. ಒಂದು ಚಕ್ರ ಏರಿ ಇನ್ನೊಂದು ಜೋತಾಗ ಆಕ್ಸಲ್ ಓರೆಯಾಗಿ, ಸ್ಟಾಪು ತಾಗಿದ ಮೇಲೂ ಹೊರಗಿನ ಟೈರು ಇನ್ನಷ್ಟು ಮೇಲೇರುತ್ತದೆ. ಎರಡೂ ಚಕ್ರಗಳನ್ನು ಒಟ್ಟಿಗೆ ಎತ್ತಿ ನೋಡಿ ಸರಿಯಿದೆ ಎಂದುಕೊಂಡವರ ಟೈರು ಘಟ್ಟದ ಮೊದಲ ಓರೆ ತಿರುವಿನಲ್ಲೇ ಮಡ್‌ಗಾರ್ಡು ಕೊಯ್ಯುವುದು ಇದರಿಂದ. ಒಂದೇ ಬದಿಗೆ ಜಾಕು ಕೊಟ್ಟೂ ಅಳೆಯಬೇಕು.

ಸ್ವತಂತ್ರ ಸಸ್ಪೆನ್ಷನ್ನಿನ ಲೆಕ್ಕ ಬೇರೆ. 2020ರ ಮಹೀಂದ್ರಾ ಥಾರ್‌ನಲ್ಲಿ ಹಿಂದೆ ಗಟ್ಟಿ ಆಕ್ಸಲ್, ಮುಂದೆ ಎರಡು ವಿಶ್‌ಬೋನ್ ಇರುವ ಸ್ವತಂತ್ರ ವ್ಯವಸ್ಥೆ. ಒಂದೇ ಗಾಡಿಗೆ ಎರಡು ಬಗೆಯ ಲೆಕ್ಕ ಬೇಕು. ಆರ್ಮಿನ ಒಳಗಿನ ಕೀಲಿನಿಂದ ಚಕ್ರದವರೆಗಿನ ದೂರದಲ್ಲಿ 0.6 ಪಾಲಿನ ಜಾಗದಲ್ಲಿ ಸ್ಟಾಪು ತಾಗುವ ವಿನ್ಯಾಸವನ್ನು ಊಹಿಸಿಕೊಳ್ಳಿ. ಚಕ್ರ 100 ಮಿಲಿಮೀಟರ್ ಏರಿದರೆ ಸ್ಟಾಪಿಗೆ ಸಿಗುವುದು 60. ಚಕ್ರದಲ್ಲಿ ಒಂದು ಟನ್ ತಡೆ ಬೇಕಿದ್ದರೆ ಸ್ಟಾಪು 1.67 ಟನ್ ಒತ್ತಬೇಕು. ಅದರ ಬಿಗಿ ಚಕ್ರದ ಲೆಕ್ಕಕ್ಕೆ ಬರುವಾಗ 0.36 ಪಾಲಿಗೆ ಇಳಿಯುತ್ತದೆ. ಆಕ್ಸಲ್ ಗಾಡಿಯಲ್ಲಿ ಹಿತವಾಗಿದ್ದ ಸ್ಟಾಪನ್ನು ತಂದು ಇಲ್ಲಿ ಹಾಕಿದರೆ ಮೆದುವಾಗಿ ಸೋಲುವುದು ಇದಕ್ಕೇ.

ಎತ್ತರಿಸಿದ ಗಾಡಿ, ಹೊರೆ ಹೊತ್ತ ಗಾಡಿ

ಎರಡು ಇಂಚು ಲಿಫ್ಟ್ ಮಾಡಿದರೆ ಬಂಪ್ ಸ್ಟಾಪನ್ನೂ ಎರಡು ಇಂಚು ಇಳಿಸಬೇಕು ಎಂಬ ನಂಬಿಕೆ ವ್ಯಾಪಕವಾಗಿದೆ. ಹಾಗೇನಿಲ್ಲ. ಟೈರು, ಶಾಕ್ ಎರಡೂ ಹಳೆಯವೇ ಆಗಿದ್ದರೆ ಮೇಲಿನ ಗಡಿ ಇದ್ದಲ್ಲೇ ಇರುತ್ತದೆ. ಸ್ಟಾಪು ಇಳಿಸಿದರೆ ಹಣ ಕೊಟ್ಟು ಗಳಿಸಿದ ಟ್ರಾವೆಲ್ ಸುಮ್ಮನೆ ಕಳೆದುಹೋಗುತ್ತದೆ. ಹೊಸ ಉದ್ದನೆಯ ಶಾಕ್ ಮಡಚಿದಾಗಲೂ ಹಳೆಯದಕ್ಕಿಂತ 30 ಮಿಲಿಮೀಟರ್ ಉದ್ದ ಇದ್ದರೆ ಸುಮಾರು ಅಷ್ಟೇ ಇಳಿಸಿದರೆ ಸಾಕು. ದೊಡ್ಡ ಟೈರಾದರೆ ಅದು ತಾಗುವ ಜಾಗವೇ ತೀರ್ಪು ಹೇಳುತ್ತದೆ. ಸ್ಪೇಸರಿಗೆ ಅಲ್ಯೂಮಿನಿಯಂ ಅಥವಾ ಉಕ್ಕಿನ ತುಂಡು ಬಳಸುತ್ತಾರೆ. ಉತ್ತರ ಅಮೆರಿಕದ ಜೀಪ್ ಮಾಲೀಕರು ಐಸ್ ಹಾಕಿಯ ರಬ್ಬರ್ ಪಕ್ಕನ್ನೇ ಸ್ಪ್ರಿಂಗಿನ ತಳಕ್ಕೆ ಬೋಲ್ಟ್ ಹಾಕಿ ಕೂರಿಸುವುದುಂಟು. ಒಂದು ಇಂಚು ದಪ್ಪ, ಮೂರು ಇಂಚು ಅಗಲದ ಅದು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ.

ಹೊರೆಯ ಪ್ರಶ್ನೆಯನ್ನು ಬಹಳ ಮಂದಿ ಮರೆಯುತ್ತಾರೆ. ಹಿಂದಿನ ಎರಡು ಲೀಫ್ ಸ್ಪ್ರಿಂಗುಗಳ ಬಿಗಿ ತಲಾ 30 ನ್ಯೂಟನ್ ಪ್ರತಿ ಮಿಲಿಮೀಟರ್ ಎಂದಿದ್ದರೆ, ಆಕ್ಸಲಿನ ಮೇಲೆ 300 ಕಿಲೋ ಸಾಮಾನು ಹೇರಿದಾಗ ಗಾಡಿ ಸುಮಾರು 50 ಮಿಲಿಮೀಟರ್ ಕುಸಿಯುತ್ತದೆ. ಮೇಲೆ ಹೇಳಿದ 60 ಮಿಲಿಮೀಟರ್ ಖಾಲಿ ಜಾಗದಲ್ಲಿ ಉಳಿದದ್ದು ಹತ್ತು. ಟೆಂಟು, ನೀರಿನ ಕ್ಯಾನು, ಎರಡನೆಯ ಸ್ಟೆಪ್ನಿ ಹೊತ್ತು ಹೋಗುವ ಗಾಡಿಯನ್ನು ಖಾಲಿ ಇರುವಾಗ ಅಳೆದು ಸ್ಟಾಪು ಕೂರಿಸಿದರೆ ಪ್ರತಿ ಸಣ್ಣ ಗುಂಡಿಗೂ ಅದು ತಾಗುತ್ತಲೇ ಇರುತ್ತದೆ. ಅದು ಬರೀ ಹಿಂಸೆಯ ಮಾತಲ್ಲ. ಡಾಂಬರು ರಸ್ತೆಯ ವೇಗದ ತಿರುವಿನಲ್ಲಿ ಹಿಂದಿನ ಹೊರಚಕ್ರದ ಸ್ಟಾಪು ಗಟ್ಟಿಯಾಗಿ ತಾಗಿದರೆ ಭಾರವೆಲ್ಲ ಒಮ್ಮೆಗೇ ಆ ಟೈರಿಗೆ ಬಂದು ಹಿಂಭಾಗ ಜಾರಬಹುದು. ಹೊರೆ ಸದಾ ಇರುವ ಗಾಡಿಗೆ ಬಿಗಿಯಾದ ಸ್ಪ್ರಿಂಗು ಮೊದಲು ಬೇಕು, ಸ್ಟಾಪಿನ ಮಾತು ಆಮೇಲೆ. ಸ್ಪ್ರಿಂಗು ಬದಲಿಸುವ ಮನಸ್ಸಿಲ್ಲದವರಿಗೆ ಟೊಳ್ಳು ರಬ್ಬರಿನ ನೆರವು ಸ್ಪ್ರಿಂಗು ಮಧ್ಯದ ದಾರಿ.

ಕೂರಿಸುವುದು ಮತ್ತು ನೋಡಿಕೊಳ್ಳುವುದು

ಎಷ್ಟು ಒಳ್ಳೆಯ ಸ್ಟಾಪಾದರೂ ಅದು ಒದೆಯುವುದು ಛಾಸಿಯನ್ನು. ಹೈಡ್ರಾಲಿಕ್ ಸ್ಟಾಪಿನ ಹೊರಗವಸನ್ನು ಛಾಸಿಗೆ ವೆಲ್ಡ್ ಮಾಡುವಾಗ ಒಂದೇ ಚುಕ್ಕೆಯಲ್ಲಿ ಬಲ ಬೀಳದಂತೆ ಅಗಲವಾದ ಉಕ್ಕಿನ ತಗಡನ್ನು ನಡುವೆ ಕೊಡುತ್ತಾರೆ. ಕೆಳಗೆ ತಾಗುವ ಪ್ಯಾಡು ಆಕ್ಸಲ್ ಕೊಳವೆಯ ನಡುಗೆರೆಗೆ ನೇರವಾಗಿರಬೇಕು. ಹಿಂದೆ ಮುಂದೆ ಸರಿದಿದ್ದರೆ ಪ್ರತಿ ಪೆಟ್ಟಿಗೂ ಆಕ್ಸಲ್ ತಿರುಚಿಕೊಳ್ಳುತ್ತದೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆ 1988ರ 52ನೆಯ ಸೆಕ್ಷನ್ ಗಾಡಿಯ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಸವೆದ ರಬ್ಬರಿನ ಜಾಗಕ್ಕೆ ಅದೇ ಬೋಲ್ಟಿಗೆ ಕೂರುವ ಹೊಸ ಸ್ಟಾಪು ಹಾಕುವುದು ರಿಪೇರಿ. ಛಾಸಿ ಕೊಯ್ದು ವೆಲ್ಡ್ ಮಾಡುವುದು ಆ ಸೆಕ್ಷನ್ನಿನ ಗಮನಕ್ಕೆ ಬರುವ ಕೆಲಸ. ಹಾಗಾಗಿ ಬೋಲ್ಟಿಗೆ ಕೂರುವ ಉದ್ದನೆಯ ಫೋಮ್ ಸ್ಟಾಪುಗಳನ್ನು ಮೊದಲು ನೋಡುವುದು ಜಾಣತನ.

ಕೂರಿಸಿದ ಮೇಲೆ ಶಾಕಿನ ಕೋಲಿಗೆ ಪ್ಲಾಸ್ಟಿಕ್ ಕೇಬಲ್ ಟೈ ಒಂದನ್ನು ತಳ್ಳಿದರೆ ಮಾತ್ರ ಸರಿಯುವಷ್ಟು ಬಿಗಿದು ಸುತ್ತಿ, ಶಾಕಿನ ಬಾಡಿಯ ಹತ್ತಿರಕ್ಕೆ ತಳ್ಳಿ, ಹತ್ತು ಹದಿನೈದು ಕಿಲೋಮೀಟರ್ ಕೆಟ್ಟ ದಾರಿಯಲ್ಲಿ ಓಡಿಸಿ ಬರಬೇಕು. ಶಾಕ್ ಎಲ್ಲಿಯವರೆಗೆ ಮಡಚಿತ್ತು ಎಂಬುದಕ್ಕೆ ಟೈ ಸರಿದು ನಿಂತ ಜಾಗವೇ ಸಾಕ್ಷಿ. ಆಚೆಗೆ ಇನ್ನೂ 15 ಮಿಲಿಮೀಟರ್ ಕೋಲು ಉಳಿದಿದ್ದರೆ ಸರಿ. 40 ಉಳಿದಿದ್ದರೆ ಸ್ಟಾಪು ಬೇಗ ತಾಗುತ್ತಿದೆ ಅಥವಾ ಗಟ್ಟಿಯಾಯಿತು, ಸ್ಪೇಸರ್ ತೆಗೆದು ನೋಡಬಹುದು. ಟೈ ತುದಿ ಮುಟ್ಟಿ ಒಡೆದಿದ್ದರೆ ಅಂದೇ ಗಾಡಿ ನಿಲ್ಲಿಸಬೇಕು. ಪ್ಯಾಡಿನ ಮೇಲೆ ಗ್ರೀಸ್ ಸವರಿಟ್ಟರೆ ಸ್ಟಾಪು ನಡುವಿಗೆ ತಾಗುತ್ತಿದೆಯೋ ಅಂಚಿಗೋ ಎಂಬುದೂ ಗುರುತಿನಿಂದ ತಿಳಿಯುತ್ತದೆ.

ರಬ್ಬರ್, ಫೋಮ್ ಸ್ಟಾಪುಗಳನ್ನು ಮಳೆಗಾಲ ಮುಗಿದ ಮೇಲೆ ಒಮ್ಮೆ ಕೆಸರು ತೊಳೆದು ನೋಡಿದರೆ ಸಾಕು: ಬೆರಳಿನಿಂದ ಒತ್ತಿದಾಗ ಪುಡಿ ಉದುರಿದರೆ, ಬುಡದ ಲೋಹದಿಂದ ರಬ್ಬರ್ ಬಿಟ್ಟುಕೊಂಡಿದ್ದರೆ ಬದಲಿಸಬೇಕು. ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸುವುದು ನಿಯಮ. ಹೈಡ್ರಾಲಿಕ್ ಸ್ಟಾಪಿನ ಕೋಲು ಬೆರಳಿನ ಒತ್ತಿಗೇ ಒಳಗೆ ಹೋಗುತ್ತಿದ್ದರೆ ಅನಿಲ ಸೋರಿದೆ ಎಂದರ್ಥ, ಕೋಲಿನ ಸುತ್ತ ಎಣ್ಣೆಯ ಉಂಗುರ ಕಂಡರೆ ಸೀಲು ಹೋಗಿದೆ. ಅದನ್ನು ಬಿಚ್ಚುವ ಮೊದಲು ಉಳಿದ ನೈಟ್ರೋಜನ್ನನ್ನು ವಾಲ್ವಿನಿಂದ ಪೂರ್ತಿ ಹೊರಬಿಡಬೇಕು.